ಗಾಲ್ಫ್ ವಿಶ್ವಕಪ್: ಟಿಕೆಟ್ ತೆಗೆಯುವುದಾದರೆ ಒಂದೇ ಚೆಂಡಿನ ದಿನಕ್ಕೆ ತೆಗೆಯಿರಿ

ನಾನು ಗಾಲ್ಫ್ ಆಡುವವಳಲ್ಲ. ಊರು ರಾಮನಗರದ ಕಡೆ, ಕೆಲಸ ಮೆಲ್ಬರ್ನಿನ ಒಂದು ಆಸ್ಪತ್ರೆಯಲ್ಲಿ ನರ್ಸ್. ಗಾಲ್ಫ್ ಹುಚ್ಚು ಇರುವುದು ನಮ್ಮ ಮನೆಯವರಿಗೆ. ಭಾನುವಾರ ಬೆಳಿಗ್ಗೆ ಇನ್ನೂ ಕತ್ತಲಿರುವಾಗಲೇ ಎದ್ದು, ಬ್ಯಾಗು ಹೊತ್ತುಕೊಂಡು ಹೋಗುವ ಜಾತಿ ಅವರು. ಆದರೂ ಈ ವಿಮರ್ಶೆ ಬರೆಯುತ್ತಿರುವುದು ನಾನು. ಯಾಕೆಂದರೆ ಅವರನ್ನು ಕೇಳಿದರೆ "ಎಲ್ಲಾ ದಿನವೂ ಚೆನ್ನಾಗಿರುತ್ತೆ" ಅನ್ನುತ್ತಾರೆ. ಎಲ್ಲಾ ದಿನ ಚೆನ್ನಾಗಿರುವುದಿಲ್ಲ.

2028ರ ಪ್ರೆಸಿಡೆಂಟ್ಸ್ ಕಪ್, ಅಂದರೆ ಅಮೆರಿಕಕ್ಕೂ ಯುರೋಪ್ ಬಿಟ್ಟು ಉಳಿದ ಲೋಕಕ್ಕೂ ನಡೆಯುವ ಗಾಲ್ಫ್ ಪಂದ್ಯಾವಳಿ, ಮೆಲ್ಬರ್ನಿನ ಕಿಂಗ್‌ಸ್ಟನ್ ಹೀತ್ ಕ್ಲಬ್ಬಿಗೆ ಬರುತ್ತಿದೆ. "ಗಾಲ್ಫ್ ನೋಡೋಕೆ ದುಡ್ಡು ಕೊಟ್ಟು ಹೋಗಬೇಕಾ? ಟಿವಿಯಲ್ಲಿ ನೋಡಿದರೆ ಸಾಲದಾ?" ಎಂದು ಇಲ್ಲಿನ ಗೆಳತಿಯರು ಈಗಿನಿಂದಲೇ ಕೇಳುತ್ತಿದ್ದಾರೆ. ಅದೇ ಕಿಂಗ್‌ಸ್ಟನ್ ಹೀತ್‌ನಲ್ಲಿ 2016ರ ನವೆಂಬರಿನಲ್ಲಿ ಗಾಲ್ಫ್ ವಿಶ್ವಕಪ್ ನಡೆದಾಗ ನಾನು ಹೋಗಿದ್ದೆ. 2018ರಲ್ಲಿ ಓಕ್ಲಿ ಸೌತ್‌ನ ಮೆಟ್ರೊಪಾಲಿಟನ್ ಕ್ಲಬ್ಬಿನಲ್ಲಿ ನಡೆದಾಗಲೂ ಹೋದೆ. ಹಾಗಾಗಿ ಪ್ರೇಕ್ಷಕಳ ಕಣ್ಣಿನಿಂದ ಇದು ಹೇಗಿತ್ತು, ದುಡ್ಡಿಗೆ ತಕ್ಕದ್ದಾ ಅಂತ ಬರೆಯುತ್ತಿದ್ದೇನೆ.

ಮೊದಲು ಈ ವಿಶ್ವಕಪ್ ಏನು ಅಂತ ಹೇಳಬೇಕು. ಕ್ರಿಕೆಟ್ ವಿಶ್ವಕಪ್ ತರಹ ಹನ್ನೊಂದು ಜನರ ತಂಡ ಇಲ್ಲಿಲ್ಲ. ಒಂದು ದೇಶಕ್ಕೆ ಇಬ್ಬರೇ. ನಾನು ನೋಡಿದ ಎರಡೂ ಕೂಟಗಳಲ್ಲಿ 28 ದೇಶಗಳಿದ್ದವು. ವಿಶ್ವ ರ‍್ಯಾಂಕಿಂಗ್ ನೋಡಿ ದೇಶಕ್ಕೊಬ್ಬ ಆಟಗಾರನನ್ನು ಕರೆಯುತ್ತಿದ್ದರು. ಜೊತೆಗಾರ ಯಾರು ಅಂತ ಅವನೇ ಆರಿಸಿಕೊಳ್ಳಬೇಕಿತ್ತು. ನಾಲ್ಕು ದಿನ ಆಟ. ಎರಡು ದಿನ ಒಂದು ರೀತಿ, ಇನ್ನೆರಡು ದಿನ ಇನ್ನೊಂದು ರೀತಿ. ಟಿಕೆಟ್ ತೆಗೆಯುವ ಮುಂಚೆ ಯಾವ ದಿನ ಯಾವ ರೀತಿ ಅಂತ ತಿಳಿದುಕೊಂಡಿರಬೇಕು.

ಫೋರ್‌ಬಾಲ್ ದಿನ ಇಬ್ಬರೂ ತಮ್ಮ ತಮ್ಮ ಚೆಂಡನ್ನು ಆಡುತ್ತಾರೆ. ಪ್ರತಿ ಹೋಲ್‌ನಲ್ಲಿ ಇಬ್ಬರಲ್ಲಿ ಯಾರದು ಕಡಿಮೆ ಹೊಡೆತವೋ ಅದನ್ನೇ ತಂಡದ ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ. ಹೋಲ್ ಅಂದರೆ ಶುರುವಿನ ಜಾಗದಿಂದ ಚೆಂಡು ಗುಂಡಿಗೆ ಬೀಳುವವರೆಗಿನ ಒಂದು ಭಾಗ, ಅಂಥವು ಹದಿನೆಂಟು. ಒಟ್ಟು ಹೊಡೆತ ಯಾರದು ಕಡಿಮೆಯೋ ಅವರು ಗೆದ್ದರು. ಒಬ್ಬ ಚೆಂಡನ್ನು ಪೊದೆಗೆ ಕಳಿಸಿದರೂ ಪರವಾಗಿಲ್ಲ, ಇನ್ನೊಬ್ಬ ಇದ್ದಾನೆ.

ಫೋರ್ಸಮ್ಸ್ ದಿನ ಇಬ್ಬರಿಗೂ ಸೇರಿ ಒಂದೇ ಚೆಂಡು. ಒಬ್ಬ ಹೊಡೆಯುತ್ತಾನೆ. ಅದು ಎಲ್ಲಿ ಬಿತ್ತೋ ಅಲ್ಲಿಂದ ಇನ್ನೊಬ್ಬ ಹೊಡೆಯಬೇಕು. ಆಮೇಲೆ ಮತ್ತೆ ಮೊದಲಿನವನು. ಬೆಸ ಸಂಖ್ಯೆಯ ಹೋಲ್‌ಗಳಲ್ಲಿ ಒಬ್ಬ ಶುರು ಮಾಡಿದರೆ ಸಮ ಸಂಖ್ಯೆಯವುಗಳಲ್ಲಿ ಇನ್ನೊಬ್ಬ. ನಿಮ್ಮ ತಪ್ಪನ್ನು ನೀವು ಸರಿ ಮಾಡುವ ಹಾಗೇ ಇಲ್ಲ. ಅದನ್ನು ಜೊತೆಗಾರನೇ ಸರಿ ಮಾಡಬೇಕು. ನೀವು ಸುಮ್ನೆ ನಿಂತು ನೋಡಬೇಕು.

ಇದರಿಂದ ಎಷ್ಟು ವ್ಯತ್ಯಾಸ ಆಗುತ್ತದೆ ಅನ್ನುವುದಕ್ಕೆ ಗೆದ್ದವರ ಲೆಕ್ಕವನ್ನೇ ನೋಡಿ. 2016ರಲ್ಲಿ ಡೆನ್ಮಾರ್ಕಿನ ಸೋರೆನ್ ಕೆಲ್ಸನ್ ಮತ್ತು ಥೋರ್ಬ್ಯೋರ್ನ್ ಓಲೆಸನ್ ಗೆದ್ದರು. ನಾಲ್ಕು ದಿನದ ಅವರ ಹೊಡೆತಗಳು 72, 60, 70, 66. ಮೊದಲನೇ ಮತ್ತು ಮೂರನೇ ದಿನ ಫೋರ್ಸಮ್ಸ್. 2018ರಲ್ಲಿ ದಿನಗಳನ್ನು ಅದಲುಬದಲು ಮಾಡಿದರು. ಗೆದ್ದಿದ್ದು ಬೆಲ್ಜಿಯಂನ ಥಾಮಸ್ ಪೀಟರ್ಸ್ ಮತ್ತು ಥಾಮಸ್ ಡೆಟ್ರಿ. ಅವರದು 63, 71, 63, 68. ಅದೇ ಇಬ್ಬರು, ಅದೇ ನೆಲ, ಬರೀ ಒಂದು ರಾತ್ರಿಯ ಅಂತರ. ಒಂದೇ ಚೆಂಡು ಕೈಗೆ ಕೊಟ್ಟ ತಕ್ಷಣ ಎಂಟು ಹೊಡೆತ ಜಾಸ್ತಿ. ಡೆನ್ಮಾರ್ಕಿನವರಿಗಂತೂ ಮೊದಲ ದಿನಕ್ಕೂ ಎರಡನೇ ದಿನಕ್ಕೂ ಹನ್ನೆರಡು ಹೊಡೆತದ ಫರಕು.

2016ರಲ್ಲಿ ನಾನು ಗುರುವಾರಕ್ಕೆ ಟಿಕೆಟ್ ತೆಗೆದದ್ದು ಇದನ್ನೆಲ್ಲ ತಿಳಿದುಕೊಂಡಲ್ಲ. ಅಪ್ಪ ಊರಿಂದ ಬಂದಿದ್ದರು. ಭಾರತದಿಂದ ಆಡಲು ಬರುತ್ತಿದ್ದವರು ಎಸ್.ಎಸ್.ಪಿ. ಚೌರಾಸಿಯಾ ಮತ್ತು ನಮ್ಮ ಚಿಕ್ಕರಂಗಪ್ಪ. 'ನಮ್ಮ' ಅಂತ ಸುಮ್ನೆ ಹೇಳುತ್ತಿಲ್ಲ. ಬಿಡದಿ ಹತ್ತಿರದ ಈಗಲ್‌ಟನ್ ಗಾಲ್ಫ್ ರೆಸಾರ್ಟ್ ಇದೆಯಲ್ಲ, ಅದರ ಪಕ್ಕದ ಹಳ್ಳಿಯವರು ಅವರು. ಅಲ್ಲೇ ಕ್ಯಾಡಿ ಕೆಲಸ, ಅಂದರೆ ಆಡುವವರ ಬ್ಯಾಗು ಹೊರುವ ಕೆಲಸ ಮಾಡುತ್ತ, ಕೋಚ್ ವಿಜಯ್ ದಿವೇಚಾ ಅವರ ಕೈಕೆಳಗೆ ಆಟ ಕಲಿತವರು. ಚೌರಾಸಿಯಾ ಅವರ ತಂದೆ ರಾಯಲ್ ಕಲ್ಕತ್ತಾ ಗಾಲ್ಫ್ ಕ್ಲಬ್ಬಿನಲ್ಲಿ ಹುಲ್ಲು ನೋಡಿಕೊಳ್ಳುವ ಕೆಲಸದಲ್ಲಿದ್ದವರು. ಮಗ ನೋಡಿ ನೋಡಿಯೇ ಆಟ ಕಲಿತರಂತೆ. ಆ ವರ್ಷ ಇಂಡಿಯನ್ ಓಪನ್ ಗೆದ್ದು, ರಿಯೋ ಒಲಿಂಪಿಕ್ಸಿಗೂ ಹೋಗಿ ಬಂದಿದ್ದರು. ಗಾಲ್ಫ್ ಅಂದರೆ ದೊಡ್ಡವರ ಮಕ್ಕಳ ಆಟ ಅನ್ನುವ ನಮ್ಮೂರಿನವರಿಗೆ ಈ ಜೋಡಿಯನ್ನು ಒಮ್ಮೆ ತೋರಿಸಬೇಕು.

ಅಪ್ಪನಿಗೆ ಗಾಲ್ಫ್ ಗೊತ್ತಿಲ್ಲ. ಈಗಲ್‌ಟನ್ ಗೊತ್ತು. ಮೈಸೂರು ರಸ್ತೆಯಲ್ಲಿ ಬಸ್ಸಿನಿಂದ ಅದರ ಬೋರ್ಡು ನೋಡುತ್ತ ಬಂದವರು. "ಅಲ್ಲಿನ ಹುಡುಗನಾ? ಹಂಗಾದ್ರೆ ಹೋಗೋಣ ನಡಿಯವ್ವ" ಅಂದರು.

ಆ ವಾರ ಮೆಲ್ಬರ್ನಿನಲ್ಲಿದ್ದವರಿಗೆ ಇನ್ನೊಂದು ವಿಷಯವೂ ನೆನಪಿರುತ್ತದೆ. ನವೆಂಬರ್ 21, ಸೋಮವಾರ ಸಂಜೆ ಗುಡುಗು ಮಳೆ ಬಂತು. ರೈ ಹುಲ್ಲಿನ ಪರಾಗ ಮಳೆಗಾಳಿಗೆ ಒಡೆದು ಪುಡಿಯಾಗಿ ಊರ ತುಂಬಾ ಹರಡಿತು. ಯಾವತ್ತೂ ಉಬ್ಬಸ ಬಾರದವರೂ ಉಸಿರಿಗೆ ಒದ್ದಾಡುತ್ತ ಆಸ್ಪತ್ರೆಗಳಿಗೆ ಬಂದರು. ಹತ್ತು ಜನ ತೀರಿಕೊಂಡರು. ಆ ರಾತ್ರಿ ನಾನು ಡ್ಯೂಟಿಯಲ್ಲಿದ್ದೆ. ಅದರ ಬಗ್ಗೆ ಇಲ್ಲಿ ಜಾಸ್ತಿ ಬರೆಯುವುದಿಲ್ಲ. ಮೂರು ದಿನದ ಮೇಲೆ, ಗುರುವಾರ, ಉಬ್ಬಸ ಇರುವ ಅಪ್ಪನನ್ನು ಇಡೀ ದಿನ ಹುಲ್ಲಿನ ಮೇಲೆ ನಡೆಸಲು ಕರೆದುಕೊಂಡು ಹೊರಟೆ ನೋಡಿ. ಕೈಚೀಲದಲ್ಲಿ ಇನ್ಹೇಲರ್ ಒಂದು, ಜೇಬಿನಲ್ಲಿ ಇನ್ನೊಂದು. ಗಾಲ್ಫ್ ಮೈದಾನದ ಹುಲ್ಲನ್ನು ಹೂ ಬಿಡುವ ಮುಂಚೆಯೇ ಕತ್ತರಿಸುತ್ತಾರೆ, ಅಲ್ಲಿ ಪರಾಗ ಕಡಿಮೆ ಅಂತ ನಮ್ಮ ಮನೆಯವರ ವಾದ. ಅವರ ವಾದ ಕೇಳಿ ಇನ್ಹೇಲರ್ ಬಿಟ್ಟು ಹೋಗುವಷ್ಟು ಧೈರ್ಯ ನನಗಿರಲಿಲ್ಲ. ನವೆಂಬರಿನಲ್ಲಿ ಮೆಲ್ಬರ್ನಿಗೆ ಬಂದು ಹೊರಗೆ ಕೂತು ಯಾವ ಆಟ ನೋಡುವುದಾದರೂ ಇದನ್ನು ತಲೆಯಲ್ಲಿಟ್ಟುಕೊಳ್ಳಿ.

ಹೋಗುವ ದಾರಿ ಕಷ್ಟವೇನಲ್ಲ. ಫ್ರಾಂಕ್‌ಸ್ಟನ್ ಲೈನಿನ ರೈಲು ಹಿಡಿದು ಚೆಲ್ಟನ್‌ಹ್ಯಾಮ್‌ನಲ್ಲಿ ಇಳಿದೆವು. ಅಲ್ಲಿಂದ ಒಂದು ಬಾಡಿಗೆ ಕಾರು. ಡ್ರೈವರ್ ಫೋನಿನ ನಕ್ಷೆ ನಂಬಿ ನಮ್ಮನ್ನು ಸಾರ್ವಜನಿಕರಿಗಲ್ಲದ ಗೇಟಿನ ಮುಂದೆ ಇಳಿಸಿ ಹೋದ. ಬೇಲಿ ಪಕ್ಕದಲ್ಲೇ ಬಹಳ ದೂರ ನಡೆಯಬೇಕಾಯಿತು. ಆಟ ಶುರುವಾಗುವ ಮುಂಚೆಯೇ ಅಪ್ಪನ ಕಾಲು ಅರ್ಧ ಸೋತಿತ್ತು. ಅದಕ್ಕೇ ಹೇಳುತ್ತೇನೆ, ಕಾರು ಹತ್ತುವ ಮುಂಚೆ ಪ್ರೇಕ್ಷಕರ ಗೇಟು ಯಾವ ರಸ್ತೆಯಲ್ಲಿದೆ ಅಂತ ನೋಡಿಟ್ಟುಕೊಳ್ಳಿ.

ಒಳಗೆ ಹೋದ ಮೇಲೆ ಸ್ವಯಂಸೇವಕರಿಗೆ ಪೂರ್ತಿ ಅಂಕ. ಹೆಚ್ಚಿನವರು ನಿವೃತ್ತರಾದ ಹಿರಿಯರು. ಕೈಯಲ್ಲಿ 'ಸದ್ದು ಬೇಡ' ಅನ್ನುವ ಫಲಕ, ತಲೆಗೆ ಅಗಲದ ಟೋಪಿ. ಒಬ್ಬ ಅಜ್ಜಿ ಅಪ್ಪನ ಕೈಗೆ ಆ ದಿನದ ಜೋಡಿಗಳ ಪಟ್ಟಿ ಕೊಟ್ಟು, ಪೆನ್ಸಿಲ್ಲಿನಲ್ಲಿ ಭಾರತದ ಹೆಸರಿಗೆ ಗುಂಡು ಸುತ್ತಿ, ಈಗ ಯಾವ ಹೋಲ್‌ನಲ್ಲಿದ್ದಾರೆ, ಹೋಗುವುದು ಹೇಗೆ ಅಂತ ಕೈ ಮಾಡಿ ತೋರಿಸಿದರು. ಅಪ್ಪನಿಗೆ ಇಂಗ್ಲಿಷ್ ಬಾರದು, ಅಜ್ಜಿಗೆ ಕನ್ನಡ ಬಾರದು. ಆದರೂ ನಾನು ಬಾಯಿ ಬಿಡುವಷ್ಟರಲ್ಲಿ ಅಪ್ಪ ಅವರು ತೋರಿಸಿದ ಕಡೆ ಹೊರಟಿದ್ದರು.

ಈಗ ಮೈದಾನ. ಮೆಲ್ಬರ್ನಿನ ಈ ಭಾಗವನ್ನು ಸ್ಯಾಂಡ್‌ಬೆಲ್ಟ್ ಅನ್ನುತ್ತಾರೆ. ಮರಳು ಮಿಶ್ರಿತ ನೆಲ. ರಾಯಲ್ ಮೆಲ್ಬರ್ನ್, ಕಿಂಗ್‌ಸ್ಟನ್ ಹೀತ್, ಮೆಟ್ರೊಪಾಲಿಟನ್ ಎಲ್ಲ ಇದೇ ಪಟ್ಟಿಯಲ್ಲಿವೆ. ಮಳೆ ಬಿದ್ದ ನೀರು ನಿಲ್ಲದೆ ಇಳಿದುಹೋಗುತ್ತದೆ, ನೆಲ ಗಟ್ಟಿಯಾಗಿರುತ್ತದೆ. ಚೆಂಡು ಬಿದ್ದಲ್ಲಿ ನಿಲ್ಲುವುದಿಲ್ಲ, ಪುಟಿದು ಓಡುತ್ತದೆ. ಕಿಂಗ್‌ಸ್ಟನ್ ಹೀತ್‌ನ ಹೋಲ್‌ಗಳನ್ನು ಡ್ಯಾನ್ ಸೌಟರ್ ಹಾಕಿದ್ದು 1925ರಲ್ಲಿ. ಮರುವರ್ಷ ಅಲಿಸ್ಟರ್ ಮೆಕೆಂಜಿ ಬಂದು ಬಂಕರ್‌ಗಳ ವಿನ್ಯಾಸ ಕೊಟ್ಟು ಹೋದರು. ಬಂಕರ್ ಅಂದರೆ ಚೆಂಡು ಸಿಕ್ಕಿಬೀಳಲಿ ಅಂತ ತೋಡಿದ ಮರಳಿನ ಹಳ್ಳ. ಆ ಬಂಕರ್‌ಗಳನ್ನು ಟಿವಿಯಲ್ಲಿ ನೋಡಿದರೆ ಏನೂ ತಿಳಿಯುವುದಿಲ್ಲ. ಗ್ರೀನಿನ, ಅಂದರೆ ಗುಂಡಿಯ ಸುತ್ತಲಿನ ನುಣುಪು ಜಾಗದ, ಹುಲ್ಲು ಎಲ್ಲಿ ಮುಗಿಯಿತೋ ಅಲ್ಲೇ ಚಾಕುವಿನಲ್ಲಿ ಕೊಯ್ದ ಹಾಗೆ ನೆಟ್ಟಗೆ ಕೆಳಗಿಳಿಯುತ್ತವೆ. ಅಂಚಿನಲ್ಲಿ ಚೆಂಡನ್ನು ತಡೆಯಲು ಒಂದಿಷ್ಟು ಉದ್ದ ಹುಲ್ಲೂ ಇಲ್ಲ.

ಅಪ್ಪ ಬಗ್ಗಿ ಚಿಟಿಕೆ ಮಣ್ಣು ತೆಗೆದು ಉಜ್ಜಿ ನೋಡಿದರು. "ಮರಳು ನೆಲ. ಇದ್ರಲ್ಲಿ ಇಂಥಾ ಹುಲ್ಲು ಬೆಳೆಸವ್ರೆ ಅಂದ್ರೆ ನೀರು ಬಿಡೋನು ಭಾರಿ ಶಾಣ್ಯ" ಅಂದರು. ಆಟಕ್ಕಿಂತ ಮುಂಚೆ ಅವರ ಮೆಚ್ಚುಗೆ ಸಿಕ್ಕಿದ್ದು ನೀರು ಬಿಡುವವನಿಗೆ.

ಹದಿನೈದನೇ ಹೋಲ್ ಒಂದು ಪಾರ್ ತ್ರೀ. ಪಾರ್ ಅಂದರೆ ನಿಗದಿಯಾದ ಹೊಡೆತ, ಇಲ್ಲಿ ಮೂರು. ದಿಬ್ಬ ಹತ್ತಿಸಿ ಹೊಡೆಯಬೇಕು, ಸುತ್ತ ಆಳದ ಬಂಕರ್‌ಗಳು. ಎರಡು ಗಂಟೆ ಒಂದೇ ಕಡೆ ನಿಲ್ಲುವ ಮನಸ್ಸಿದ್ದರೆ ಇಲ್ಲಿ ನಿಲ್ಲಿ. ನಾವು ನಿಂತಿದ್ದಾಗ ಯುರೋಪಿನ ಒಂದು ಜೋಡಿ ಬಂತು. ಹೆಸರು ಬೇಡ. ಮೊದಲಿನವನು ಹೊಡೆದ. ಚೆಂಡು ಗ್ರೀನಿನ ಅಂಚಿಗೆ ತಾಗಿ, ಅರೆಗಳಿಗೆ ನಿಂತ ಹಾಗೆ ಮಾಡಿ, ಬಂಕರಿಗೆ ಉರುಳಿತು. ಅವನು ಏನೂ ಹೇಳಲಿಲ್ಲ. ಕೋಲನ್ನು ಬ್ಯಾಗಿಗೆ ಹಾಕಿ, ಜೊತೆಗಾರನಿಗಿಂತ ಹತ್ತು ಹೆಜ್ಜೆ ಹಿಂದೆ ನಡೆಯತೊಡಗಿದ. ಎರಡನೆಯವನು ಬಂಕರಿಗಿಳಿದ. ನಮಗೆ ಅವನ ಟೋಪಿ ಮಾತ್ರ ಕಾಣುತ್ತಿತ್ತು. ಮರಳು ಹಾರಿತು, ಚೆಂಡು ಹೊರಗೆ ಬಂದು ಗುಂಡಿ ದಾಟಿ ದೂರ ಹೋಗಿ ನಿಂತಿತು. ಈಗ ಮತ್ತೆ ಮೊದಲಿನವನ ಸರದಿ. ತಾನು ಶುರು ಮಾಡಿದ ರಗಳೆ ಸುತ್ತು ಹೊಡೆದು ತನ್ನ ಕಾಲ ಬುಡಕ್ಕೇ ಬಂದಿತ್ತು. ಉದ್ದದ ಪಟ್, ಅಂದರೆ ಗ್ರೀನಿನ ಮೇಲೆ ಚೆಂಡನ್ನು ಗುಂಡಿಯ ಕಡೆ ಉರುಳಿಸುವ ಹೊಡೆತ. ಸ್ವಲ್ಪದರಲ್ಲಿ ತಪ್ಪಿತು. ಉಳಿದ ಗೇಣುದ್ದವನ್ನು ಎರಡನೆಯವನು ತಳ್ಳಿ ಮುಗಿಸಿದ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಹದಿನಾರನೇ ಹೋಲ್ ಶುರುವಾಗುವ ಜಾಗಕ್ಕೆ ಹೋಗುವ ದಾರಿಯಲ್ಲಿ ಮೊದಲಿನವನು ಬಾಳೆಹಣ್ಣು ಸುಲಿದು ಅರ್ಧ ಮುರಿದು ಇನ್ನೊಬ್ಬನಿಗೆ ಕೊಟ್ಟ.

ನನಗೆ ಗಾಲ್ಫ್ ಅರ್ಥವಾಗಿದ್ದು ಆವಾಗ. ಅಪ್ಪನಿಗೆ ನನಗಿಂತ ಮುಂಚೆಯೇ ಅರ್ಥವಾಗಿತ್ತು. ನಮ್ಮ ಮನೆಯಲ್ಲಿ ರೇಷ್ಮೆ ಹುಳ ಸಾಕುತ್ತಾರೆ. "ಸೊಪ್ಪು ತರೋನು ಒಬ್ಬ, ಹುಳ ನೋಡ್ಕಳೋನು ಒಬ್ಬ. ಒದ್ದೆ ಸೊಪ್ಪು ತಂದಾಕುದ್ರೆ ಹುಳ ಸಾಯೋದು ನೋಡ್ಕಳೋನ ಕೈಯಾಗೆ ಕಣವ್ವ" ಅಂದರು. ನಮ್ಮ ಮನೆಯವರು ಎಷ್ಟೋ ವರ್ಷದಿಂದ ವಿವರಿಸಲು ಒದ್ದಾಡುತ್ತಿದ್ದದ್ದನ್ನು ಅಪ್ಪ ಒಂದೇ ಮಾತಿನಲ್ಲಿ ಮುಗಿಸಿಬಿಟ್ಟರು.

ಆಮೇಲೆ ಭಾರತದ ಜೋಡಿಯ ಹಿಂದೆ ಹೋದೆವು. ಈ ಕೂಟದಲ್ಲಿ ನನಗೆ ತುಂಬಾ ಇಷ್ಟವಾದ ಸಂಗತಿ ಇಲ್ಲೇ ಇದೆ. ಜನವೆಲ್ಲ ಆಸ್ಟ್ರೇಲಿಯಾದ ಆ್ಯಡಮ್ ಸ್ಕಾಟ್, ಮಾರ್ಕ್ ಲೀಶ್‌ಮನ್ ಅವರ ಹಿಂದೆ, ಇಲ್ಲವೇ ಅಮೆರಿಕದ ರಿಕಿ ಫೌಲರ್, ಜಿಮ್ಮಿ ವಾಕರ್ ಅವರ ಹಿಂದೆ. ಅಲ್ಲಿ ಮೂರು ಸಾಲು ತಲೆ ದಾಟಿ ನೋಡಬೇಕು. ಭಾರತದ ಜೋಡಿಯ ಹಿಂದೆ ನಾವು, ತ್ರಿವರ್ಣ ಧ್ವಜ ಹಿಡಿದ ಇಬ್ಬರು ವಿದ್ಯಾರ್ಥಿಗಳು, ನೆರಳು ಹುಡುಕಿಕೊಂಡು ಬಂದ ಕೆಲವರು, ಇಷ್ಟೇ. ಹಗ್ಗದ ಪಕ್ಕದಲ್ಲೇ ನಡೆಯಬಹುದು. ಚೆಂಡಿಗೆ ಕೋಲು ತಗಲುವ ಸದ್ದು ಕಿವಿಗೆ ಬೀಳುತ್ತದೆ. ಕ್ಯಾಡಿ ಜೊತೆ ಎಷ್ಟು ದೂರ, ಗಾಳಿ ಯಾವ ಕಡೆ ಅಂತ ಮಾತಾಡುವುದೂ ಕೇಳಿಸುತ್ತದೆ. ಕ್ರಿಕೆಟ್ಟಿನಲ್ಲಿ ಇಷ್ಟು ಹತ್ತಿರ ಹೋಗಲು ಎಷ್ಟು ದುಡ್ಡು ಕೊಟ್ಟರೂ ಆಗುವುದಿಲ್ಲ. ಸಣ್ಣ ದೇಶದ ಜೋಡಿಯನ್ನೋ ಗದ್ದಲವಿಲ್ಲದ ಜೋಡಿಯನ್ನೋ ಆರಿಸಿಕೊಂಡು ಅವರ ಜೊತೆ ನಡೆಯಿರಿ.

ಒಂದೇ ತೊಂದರೆ, ಅಪ್ಪ. ಹೊಡೆಯುವ ಮುಂಚೆ ಸದ್ದು ಮಾಡಬಾರದು ಅಂತ ಎಷ್ಟು ಸಲ ಹೇಳಿದರೂ ಬಾಯಿ ತಡೆಯುತ್ತಿರಲಿಲ್ಲ. ತೋಳು ಹಿಡಿದುಕೊಂಡೇ ನಿಂತಿದ್ದೆ. ಒಂದು ಹೋಲ್ ಮುಗಿದು ಎಲ್ಲ ಚಪ್ಪಾಳೆ ತಟ್ಟುವಾಗ ಕೈ ಬಿಟ್ಟೆ. "ಭೇಷ್ ಕಣೋ ರಂಗಪ್ಪಾ!" ಅಂತ ಕೂಗಿಯೇ ಬಿಟ್ಟರು. ಅವರಿಗೆ ಕೇಳಿಸಿತೋ ಇಲ್ಲವೋ. ಸದ್ದು ಬೇಡ ಫಲಕದ ತಾತ ಮಾತ್ರ ತಿರುಗಿ ನೋಡಿ ನಕ್ಕರು.

ಊಟದ ವಿಷಯಕ್ಕೆ ಅಂಕ ಕಡಿಮೆ. ಒಂದು ಪೈ ಗಾಡಿಯ ಮುಂದೆ ಉದ್ದ ಸಾಲು. ಸರದಿ ಬರುವಷ್ಟರಲ್ಲಿ ತರಕಾರಿ ಪೈ ಖಾಲಿ. ಆಲೂ ಚಿಪ್ಸ್ ಇತ್ತು, ಸಾಸೇಜ್ ರೋಲ್ ಇತ್ತು. ಅದು ಯಾವ ಮಾಂಸ ಅಂತ ಗೊತ್ತಾಗದೆ ಅಪ್ಪ ಮುಟ್ಟಲಿಲ್ಲ. ಚಿಪ್ಸಿಗೆ ಉಪ್ಪು ಬಿಟ್ಟು ಬೇರೇನೂ ಹಾಕುವುದಿಲ್ಲ ಅಂತ ತಿಳಿದು ಬೇಜಾರು ಮಾಡಿಕೊಂಡರು. ನಾನು ಡಬ್ಬಿಯಲ್ಲಿ ಪುಳಿಯೋಗರೆ ತಂದಿದ್ದೆ. ಮರದ ಕೆಳಗೆ ಕೂತು ತಿಂದೆವು. ನವೆಂಬರಿನಲ್ಲಿ ಇಲ್ಲಿನ ನೊಣಗಳ ಕಾಟ ಇದ್ದದ್ದೇ. ಒಂದು ಕೈಯಲ್ಲಿ ತುತ್ತು, ಇನ್ನೊಂದರಲ್ಲಿ ನೊಣ ಓಡಿಸುವ ಕೆಲಸ. ಟೋಪಿಗೆ ಹಾಕುವ ಬಲೆ ಸಿಗುತ್ತದೆ, ನಾಚಿಕೆ ಬಿಟ್ಟು ಹಾಕಿಕೊಳ್ಳಿ.

ಕೂರುವ ಜಾಗವೂ ಕಡಿಮೆ. ಹದಿನೆಂಟನೇ ಗ್ರೀನಿನ ಸುತ್ತ ಮೆಟ್ಟಿಲು ಕಟ್ಟಿರುತ್ತಾರೆ, ಉಳಿದ ಕಡೆ ಹುಲ್ಲೇ ಗತಿ. ಪೂರ್ತಿ ಒಂದು ಸುತ್ತು ಬಂದರೆ ಏಳೆಂಟು ಕಿಲೋಮೀಟರ್ ಆಗುತ್ತದೆ. ವಯಸ್ಸಾದವರ ಜೊತೆ ಹೋಗುವವರು ಒಂಬತ್ತು ಹೋಲ್ ನಡೆದು, ಆಮೇಲೆ ಯಾವುದಾದರೂ ಪಾರ್ ತ್ರೀ ಹತ್ತಿರ ಮಡಚುವ ಸ್ಟೂಲು ಹಾಕಿಕೊಂಡು ಕೂತುಬಿಡಿ.

ಮರುದಿನ ಶುಕ್ರವಾರ. ಅಪ್ಪ ಮನೆಯಲ್ಲಿ ಕಾಲು ಚಾಚಿಕೊಂಡರು, ನಾನು ನಮ್ಮ ಮನೆಯವರ ಜೊತೆ ಹೋದೆ. ಫೋರ್‌ಬಾಲ್ ದಿನ. ಡೆನ್ಮಾರ್ಕಿನವರು 60 ಹೊಡೆದದ್ದು ಅವತ್ತೇ. ಪಾರ್‌ಗಿಂತ ಹನ್ನೆರಡು ಕಡಿಮೆ. ಸ್ಕೋರ್‌ಬೋರ್ಡಿನಲ್ಲಿ ಅವರ ಅಂಕ ಬದಲಾದಾಗೆಲ್ಲ ಜನ "ಓಹ್" ಅನ್ನುತ್ತಿದ್ದರು. ಪತ್ರಿಕೆಗೆ ಬರೆಯುವವರಿಗೆ ಹಬ್ಬ. ನಾಲ್ಕು ದಿನದ ಆಟ ಗೆದ್ದದ್ದೂ ಅಲ್ಲೇ ಅಂತ ನಮ್ಮ ಮನೆಯವರು ಈಗಲೂ ಹೇಳುತ್ತಾರೆ, ಒಪ್ಪುತ್ತೇನೆ. ಕೊನೆಗೆ ಡೆನ್ಮಾರ್ಕಿನವರು ಚೀನಾ, ಫ್ರಾನ್ಸ್, ಅಮೆರಿಕ ಮೂವರಿಗಿಂತಲೂ ನಾಲ್ಕು ಹೊಡೆತ ಮುಂದಿದ್ದರು.

ಆದರೆ ನೋಡುವವರಿಗೆ? ಫೋರ್‌ಬಾಲಿನಲ್ಲಿ ಎರಡು ಜೋಡಿಗಳ ಒಂದು ಗುಂಪಿನಲ್ಲಿ ನಾಲ್ಕು ಚೆಂಡು. ಒಂದು ಹೋಲ್ ಮುಗಿಯುವುದಕ್ಕೆ ಹೊತ್ತು ಹಿಡಿಯುತ್ತದೆ. ಯಾರ ಚೆಂಡು ಎಲ್ಲಿದೆ ಅಂತ ಲೆಕ್ಕ ಇಡುವುದೇ ಒಂದು ಕೆಲಸ. ಒಬ್ಬ ಕೆಟ್ಟದಾಗಿ ಹೊಡೆದರೆ ಅವನು ಚೆಂಡು ಎತ್ತಿ ಜೇಬಿಗೆ ಹಾಕಿಕೊಳ್ಳುತ್ತಾನೆ, ಕಥೆ ಅಲ್ಲಿಗೆ ಮುಗಿಯಿತು. ಬರ್ಡಿ ಮೇಲೆ ಬರ್ಡಿ, ಅಂದರೆ ಪಾರ್ ಲೆಕ್ಕಕ್ಕಿಂತ ಒಂದು ಹೊಡೆತ ಕಡಿಮೆ, ಬೀಳುತ್ತವೆ. ಎಲ್ಲರೂ ಚೆನ್ನಾಗಿಯೇ ಆಡುತ್ತಾರೆ. ಮಧ್ಯಾಹ್ನದ ಹೊತ್ತಿಗೆ ನಾನು ಆಟ ಬಿಟ್ಟು ಜನರ ಟೋಪಿ ನೋಡುತ್ತಿದ್ದೆ. ಗುರುವಾರ ಹಾಗಾಗಿರಲಿಲ್ಲ.

ಫೋರ್ಸಮ್ಸ್ ಬಗ್ಗೆ ನಮ್ಮ ಮನೆಯವರು ಹೇಳಿದ ಒಂದೆರಡು ಒಳಮಾತು ನೋಡುವವರಿಗೆ ಉಪಯೋಗಕ್ಕೆ ಬರುತ್ತವೆ. ಒಬ್ಬೊಬ್ಬ ಆಟಗಾರ ಒಂದೊಂದು ಕಂಪನಿಯ ಚೆಂಡಿಗೆ ಒಗ್ಗಿಕೊಂಡಿರುತ್ತಾನೆ. ಒಂದೇ ಚೆಂಡು ಅಂದಾಗ ಯಾರದು ಅನ್ನುವ ಪ್ರಶ್ನೆ ಏಳುತ್ತದೆ. ಒಬ್ಬನಂತೂ ತನ್ನದಲ್ಲದ ಚೆಂಡಿನಲ್ಲಿ ಆಡಬೇಕು. ಬೆಸ ಹೋಲ್ ಯಾರಿಗೆ, ಸಮ ಹೋಲ್ ಯಾರಿಗೆ ಅನ್ನುವುದನ್ನೂ ಮೈದಾನ ನೋಡಿ ಮೊದಲೇ ತೀರ್ಮಾನಿಸುತ್ತಾರೆ. ದೂರ ಹೊಡೆಯುವವನಿಗೆ ಉದ್ದದ ಹೋಲ್‌ಗಳ ಶುರು ಸಿಗಬೇಕು, ಕಬ್ಬಿಣದ ಕೋಲಿನಲ್ಲಿ ಪಳಗಿದವನಿಗೆ ಪಾರ್ ತ್ರೀ ಸಿಗಬೇಕು. ಇನ್ನೊಂದು, ಒಬ್ಬನಿಗೆ ಎಷ್ಟೋ ಹೊತ್ತು ಒಂದು ಪಟ್ಟೂ ಸಿಗದೆ ಹೋಗಬಹುದು. ಸುಮ್ನೆ ನಡೆದು ನಡೆದು, ಇದ್ದಕ್ಕಿದ್ದ ಹಾಗೆ ಆರಡಿಯ ಪಟ್ ಮುಂದೆ ನಿಂತಾಗ ಕೈ ನಡುಗುವುದು ಸಹಜ. ಇದನ್ನು ತಿಳಿದುಕೊಂಡು ನೋಡಿದರೆ ಮಾಮೂಲಿ ಪಟ್ಟೂ ಮಾಮೂಲಿ ಅನ್ನಿಸುವುದಿಲ್ಲ.

2018ಕ್ಕೆ ನಾನು ಜಾಣೆಯಾಗಿದ್ದೆ. ಆ ಸಲ ಫೋರ್ಸಮ್ಸ್ ಇದ್ದದ್ದು ಶುಕ್ರವಾರ ಮತ್ತು ಭಾನುವಾರ. ಭಾನುವಾರಕ್ಕೆ ತೆಗೆದೆ. ಕೊನೆಯ ದಿನಕ್ಕೆ ಒಂದೇ ಚೆಂಡಿನ ಆಟ ಇಟ್ಟದ್ದು ಸಂಘಟಕರು ಮಾಡಿದ ಒಳ್ಳೆಯ ಕೆಲಸ. ಮುಂದಿರುವವರು ಯಾವಾಗ ಬೇಕಾದರೂ ಜಾರಬಹುದು ಅನ್ನುವ ಆಸೆ ಉಳಿದವರಿಗೂ ಇರುತ್ತದೆ. ಆಸ್ಟ್ರೇಲಿಯಾದ ಲೀಶ್‌ಮನ್ ಮತ್ತು ಕ್ಯಾಮರೂನ್ ಸ್ಮಿತ್ ಹಿಂದೆ ಜನಸಾಗರ. ಬೆಲ್ಜಿಯಂ ಜಾರಲಿಲ್ಲ. ಒಟ್ಟು 265, ಪಾರ್‌ಗಿಂತ 23 ಕಡಿಮೆ. ಆಸ್ಟ್ರೇಲಿಯಾ ಮತ್ತು ಮೆಕ್ಸಿಕೊ ಮೂರು ಹೊಡೆತ ಹಿಂದೆ ಜಂಟಿ ಎರಡನೇ ಸ್ಥಾನ. ಭಾರತದಿಂದ ಅನಿರ್ಬನ್ ಲಾಹಿರಿ ಮತ್ತು ಗಗನ್‌ಜೀತ್ ಭುಲ್ಲರ್ ಬಂದಿದ್ದರು. ಲಾಹಿರಿ ಬೆಂಗಳೂರಲ್ಲಿ ನೆಲೆಸಿ ಆಡಿದವರು, ಅವರ ಕೋಚೂ ದಿವೇಚಾ ಅವರೇ. ಆ ಸಲ ಭಾರತದ ಹಿಂದೆ ನಮ್ಮವರು ಚೆನ್ನಾಗಿ ಸೇರಿದ್ದರು. ಒಳ್ಳೆಯದೇ. ಆದರೆ 2016ರ ಆ ಖಾಲಿ ಹಗ್ಗದ ಸುಖ ಇರಲಿಲ್ಲ.

ಬೇಜಾರಿನ ಸಂಗತಿ ಏನೆಂದರೆ 2018ರ ನಂತರ ಈ ವಿಶ್ವಕಪ್ ನಡೆದೇ ಇಲ್ಲ. ಇದು ನಿನ್ನೆ ಮೊನ್ನೆಯ ಕೂಟವೂ ಅಲ್ಲ. 1953ರಲ್ಲಿ ಜಾನ್ ಜೇ ಹಾಪ್‌ಕಿನ್ಸ್ ಅನ್ನುವ ಅಮೆರಿಕದ ಉದ್ಯಮಿ ಕೆನಡಾ ಕಪ್ ಅಂತ ಶುರು ಮಾಡಿದ್ದು. ಮೊದಲ ಸಲ ಮಾಂಟ್ರಿಯಲ್‌ನಲ್ಲಿ ಗೆದ್ದವರು ಅರ್ಜೆಂಟಿನಾದವರು. 1957ರಲ್ಲಿ ಜಪಾನಿನ ಕಸುಮಿಗಸೆಕಿಯಲ್ಲಿ ತೊರಾಕಿಚಿ ನಕಾಮುರಾ ಮತ್ತು ಕೊಯಿಚಿ ಓನೊ ಗೆದ್ದ ಮೇಲೆ ಜಪಾನಿಗೆ ಗಾಲ್ಫ್ ಹುಚ್ಚು ಹಿಡಿಯಿತು. 1967ರಲ್ಲಿ ವಿಶ್ವಕಪ್ ಅಂತ ಹೆಸರು ಬದಲಾಯಿತು. ಆರ್ನಾಲ್ಡ್ ಪಾಮರ್ ಮತ್ತು ಜಾಕ್ ನಿಕ್ಲಾಸ್ ಒಟ್ಟಿಗೆ ನಾಲ್ಕು ಸಲ ಗೆದ್ದಿದ್ದಾರೆ. ಟೈಗರ್ ವುಡ್ಸ್ ಬೇರೆ ಬೇರೆ ಜೊತೆಗಾರರೊಂದಿಗೆ 1999 ಮತ್ತು 2000ದಲ್ಲಿ ಗೆದ್ದರು. 2009ರಲ್ಲಿ ಇಟಲಿಗೆ ಗೆದ್ದುಕೊಟ್ಟವರು ಅಣ್ಣತಮ್ಮಂದಿರು, ಮೊಲಿನಾರಿಗಳು.

ಆದರೆ ಹಳೆಯ ಕೂಟಗಳಲ್ಲಿ ಇಬ್ಬರೂ ತಮ್ಮ ಪಾಡಿಗೆ ತಾವು ಆಡಿ, ಕೊನೆಗೆ ಇಬ್ಬರ ಹೊಡೆತ ಕೂಡಿಸುತ್ತಿದ್ದರು. 2013ರಲ್ಲಿ ರಾಯಲ್ ಮೆಲ್ಬರ್ನಿನಲ್ಲಿ ಮತ್ತೆ ಹಾಗೇ ಮಾಡಿದರು. ಜೇಸನ್ ಡೇ ಒಬ್ಬರಾಗಿ ಗೆದ್ದರು, ಆ್ಯಡಮ್ ಸ್ಕಾಟ್ ಜೊತೆ ಸೇರಿ ದೇಶಕ್ಕೂ ಗೆದ್ದರು. ನನ್ನ ಪ್ರಕಾರ ಅದು ಜೋಡಿ ಆಟವೇ ಅಲ್ಲ, ಕೂಡುವ ಲೆಕ್ಕ. 2016ರಲ್ಲಿ ಅದನ್ನು ಬಿಟ್ಟು ಮತ್ತೆ ಒಂದೇ ಚೆಂಡು ತಂದದ್ದೇ ಸರಿ. ಸಾಲದ್ದು ಏನೆಂದರೆ ದೊಡ್ಡ ಹೆಸರಿನವರು ಎಲ್ಲರೂ ಬರುತ್ತಿರಲಿಲ್ಲ. ನವೆಂಬರ್ ಅಂದರೆ ಅಮೆರಿಕದವರಿಗೆ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ವಾರ. ವರ್ಷವಿಡೀ ಆಡಿ ದಣಿದವರು ಇಷ್ಟು ದೂರ ಹಾರಿ ಯಾಕೆ ಬಂದಾರು? ನನ್ನಂಥವರಿಗೆ ಅದರಿಂದ ನಷ್ಟವೇನೂ ಆಗಲಿಲ್ಲ. ಟಿಕೆಟ್ ಮಾರುವವರಿಗೆ ಆಗಿರಬೇಕು.

ಅಂಕ ಕೊಡಲೇಬೇಕು ಅಂದರೆ, ಫೋರ್ಸಮ್ಸ್ ದಿನಕ್ಕೆ ಐದಕ್ಕೆ ನಾಲ್ಕೂವರೆ. ಫೋರ್‌ಬಾಲ್ ದಿನಕ್ಕೆ ಮೂರು. ಸ್ವಯಂಸೇವಕರಿಗೆ ಐದು. ಊಟಕ್ಕೆ ಎರಡು, ಅದೂ ಚಿಪ್ಸ್ ಬಿಸಿಯಾಗಿತ್ತು ಅನ್ನುವ ಕಾರಣಕ್ಕೆ.

ಈಗ ಇಬ್ಬರ ಜೋಡಿ ಆಟ ನೋಡಬೇಕು ಅನ್ನುವವರಿಗೆ ಅಮೆರಿಕದಲ್ಲಿ ಒಂದು ದಾರಿ ಇದೆ. ನ್ಯೂ ಆರ್ಲಿಯನ್ಸ್ ಹತ್ತಿರ ಟಿಪಿಸಿ ಲೂಸಿಯಾನಾದಲ್ಲಿ ನಡೆಯುವ ಜೂರಿಕ್ ಕ್ಲಾಸಿಕ್. 2017ರಿಂದ ಅದು ಜೋಡಿಗಳ ಕೂಟ. ಅಲ್ಲಿ ದೇಶದ ಲೆಕ್ಕ ಇಲ್ಲ, ಸ್ನೇಹಿತರು ಸೇರಿಕೊಂಡು ಆಡುತ್ತಾರೆ. 2024ರಲ್ಲಿ ರೋರಿ ಮೆಕ್‌ಇಲ್‌ರಾಯ್ ಮತ್ತು ಶೇನ್ ಲೌರಿ ಗೆದ್ದರು. ಅಲ್ಲಿಯೂ ಶುಕ್ರವಾರ, ಭಾನುವಾರ ಒಂದೇ ಚೆಂಡು. ಹ್ಯೂಸ್ಟನ್ ಕಡೆಯ ಕನ್ನಡದವರಿಗೆ ಕಾರಿನಲ್ಲೇ ಹೋಗಿ ಬರಬಹುದಾದ ದೂರ.

2028ರ ಪ್ರೆಸಿಡೆಂಟ್ಸ್ ಕಪ್ಪಿಗೆ ಹೊರಟವರಿಗೆ ಮಾತ್ರ ನನ್ನ ಸಲಹೆ ಸ್ವಲ್ಪ ಬೇರೆ. ಅಲ್ಲಿ ಒಂದು ಕಡೆ ಅಮೆರಿಕದ ಹನ್ನೆರಡು ಜನ, ಇನ್ನೊಂದು ಕಡೆ ಯುರೋಪ್ ಬಿಟ್ಟು ಉಳಿದ ಲೋಕದ ಹನ್ನೆರಡು ಜನ. ಭಾರತದಿಂದ ಲಾಹಿರಿ 2015 ಮತ್ತು 2017ರಲ್ಲಿ ಆಡಿದ್ದರು. ಫೋರ್ಸಮ್ಸ್ ಅಲ್ಲೂ ಇದೆ, ಆ ದಿನಕ್ಕೇ ತೆಗೆಯಿರಿ. ಆದರೆ ಒಂದು ಹೊತ್ತಿಗೆ ಮೈದಾನದಲ್ಲಿ ಬೆರಳೆಣಿಕೆಯ ಪಂದ್ಯಗಳು, ಇಡೀ ಜನ ಅವುಗಳ ಹಿಂದೆಯೇ. ಹಗ್ಗದ ಪಕ್ಕ ನಡೆದುಕೊಂಡು ನೋಡುವ ಆಸೆ ಬಿಟ್ಟುಬಿಡಿ. ಬೆಳಿಗ್ಗೆ ಬೇಗ ಹೋಗಿ ಹದಿನೈದನೇ ಹೋಲ್‌ನ ಗ್ರೀನ್ ಪಕ್ಕ ಜಾಗ ಹಿಡಿಯಿರಿ. ಈ ಕಪ್ಪಿನಲ್ಲಿ ಲೆಕ್ಕ ಒಟ್ಟು ಹೊಡೆತದ್ದಲ್ಲ, ಯಾರು ಹೆಚ್ಚು ಹೋಲ್ ಗೆದ್ದರು ಅನ್ನುವುದು. ಹಾಗಾಗಿ ಅಲ್ಲಿಗೆ ಬರುವ ಮುಂಚೆಯೇ ಪಂದ್ಯ ಮುಗಿದುಹೋಗುವ ಅಪಾಯವೂ ಇದೆ. ಆ ಧೈರ್ಯ ಇಲ್ಲದಿದ್ದರೆ ಮೊದಲ ಒಂಬತ್ತರಲ್ಲಿ ಯಾವುದಾದರೂ ಹೋಲ್ ನೋಡಿಕೊಳ್ಳಿ. ಸ್ಟೂಲು ಒಳಗೆ ಬಿಡುತ್ತಾರಾ ಅಂತ ಟಿಕೆಟ್ ತೆಗೆಯುವಾಗಲೇ ಓದಿಕೊಳ್ಳಿ.